ಲಾಸ್ ವೇಗಸ್: ಜೂಜಿನ ನಗರಿಗೆ ಮೊದಲ ಭೇಟಿ

ಅಮೆರಿಕದ ನೆವಾಡಾ ರಾಜ್ಯದ ಮರುಭೂಮಿಯ ನಡುವೆ ಇರುವ ಲಾಸ್ ವೇಗಸ್ ನಗರದ ಹೆಸರಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಹುಲ್ಲುಗಾವಲುಗಳು’ ಎಂದು ಅರ್ಥ. 1829ರಲ್ಲಿ ನ್ಯೂ ಮೆಕ್ಸಿಕೊ ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಸರಕು ಹೊತ್ತು ಹೊರಟಿದ್ದ ವ್ಯಾಪಾರಿಗಳ ತಂಡಕ್ಕೆ ಬರಡು ಬಯಲಿನಲ್ಲಿ ಒರತೆಗಳೂ ಅವುಗಳ ಸುತ್ತ ಹಸಿರು ಹುಲ್ಲೂ ಕಂಡವು. ಹೆಸರು ಹಾಗೆ ಬಂತು. ಊರು ಬೆಳೆದು ಕೊಳವೆಬಾವಿಗಳು ಹೆಚ್ಚಿದಂತೆ ಒರತೆಗಳು ಇಳಿಯುತ್ತ ಬಂದು 1962ರಲ್ಲಿ ಪೂರ್ತಿ ಬತ್ತಿದವು. ಹೆಸರು ಉಳಿಯಿತು.

ಈ ಊರಿನಲ್ಲಿ ಹೆಸರಿಗೂ ವಾಸ್ತವಕ್ಕೂ ತಾಳೆಯಾಗದ ಸಂಗತಿ ಇದೊಂದೇ ಅಲ್ಲ. ಸಿನಿಮಾಗಳಲ್ಲಿ ಕಾಣುವ ವೇಗಸ್, ಎಂದರೆ ಸುಮಾರು ಏಳು ಕಿಲೋಮೀಟರ್ ಉದ್ದದ ‘ಸ್ಟ್ರಿಪ್’ ಎಂಬ ಬೀದಿ, ಬಹುಪಾಲು ಲಾಸ್ ವೇಗಸ್ ನಗರಸಭೆಯ ಗಡಿಯೊಳಗೇ ಇಲ್ಲ. 1950ರಲ್ಲಿ ನಗರಸಭೆಯು ಈ ಬೀದಿಯನ್ನು ತನ್ನೊಳಗೆ ಸೇರಿಸಿಕೊಂಡು ತೆರಿಗೆ ಹಾಕಲು ಹವಣಿಸಿದಾಗ ಕ್ಯಾಸಿನೊ ಮಾಲೀಕರು ಕೌಂಟಿಯ ಆಡಳಿತವನ್ನು ಹಿಡಿದು ಆ ಪ್ರದೇಶವನ್ನು ಬೇರೆಯೇ ಊರೆಂದು ಘೋಷಿಸಿಕೊಂಡರು. ಅದಕ್ಕೆ ಇಟ್ಟ ಹೆಸರು ‘ಪ್ಯಾರಡೈಸ್’. ತೆರಿಗೆ ತಪ್ಪಿಸಿಕೊಳ್ಳಲು ಹುಟ್ಟಿದ ಸ್ವರ್ಗ ಜಗತ್ತಿನಲ್ಲಿ ಇದೊಂದೇ ಇರಬೇಕು.

ವರ್ಷಕ್ಕೆ ಸುಮಾರು ನಾಲ್ಕು ಕೋಟಿ ಜನ ಬಂದುಹೋಗುವ ಈ ಊರಿಗೆ ಕನ್ನಡಿಗರೂ ಹೊಸಬರೇನಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮಗನನ್ನೋ ಮಗಳನ್ನೋ ನೋಡಲು ಹೋದ ತಂದೆತಾಯಿಗಳನ್ನು ಗ್ರ್ಯಾಂಡ್ ಕ್ಯಾನ್ಯನ್ ಕಂದರಕ್ಕೆ ಕರೆದೊಯ್ಯುವ ದಾರಿಯಲ್ಲಿ ಎರಡು ರಾತ್ರಿ ವೇಗಸ್‌ನಲ್ಲಿ ತಂಗುವುದು ಒಂದು ವಾಡಿಕೆಯೇ ಆಗಿದೆ. ಜೂಜಾಡುವ ಉದ್ದೇಶ ಅವರಲ್ಲಿ ಬಹಳ ಮಂದಿಗೆ ಇರುವುದಿಲ್ಲ. ಆದರೂ ಊರಿನಿಂದ ಹೊರಡುವಾಗ ಜೇಬು ಹಗುರಾಗಿರುತ್ತದೆ. ಎಲ್ಲಿ ಖರ್ಚಾಯಿತು ಎಂಬ ಲೆಕ್ಕ ಮಾತ್ರ ಸಿಗುವುದಿಲ್ಲ. ಈ ಊರಿನ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲೇ ತಿಳಿದು ಹೋದವರು ಆ ಪೇಚಿನಿಂದ ಬಹುಮಟ್ಟಿಗೆ ಪಾರಾಗುತ್ತಾರೆ. ಅದಕ್ಕೆ ಸ್ವಲ್ಪ ಇತಿಹಾಸ ಬೇಕು.

1905ರ ಮೇ ತಿಂಗಳಲ್ಲಿ ರೈಲ್ವೆ ಕಂಪನಿಯೊಂದು ನಿವೇಶನಗಳನ್ನು ಹರಾಜು ಹಾಕಿದಾಗ ಹುಟ್ಟಿದ ಊರು ಇದು. ಲಾಸ್ ಏಂಜಲಿಸ್ ಮತ್ತು ಸಾಲ್ಟ್ ಲೇಕ್ ನಗರಗಳ ನಡುವೆ ಉಗಿಬಂಡಿಗೆ ನೀರು ಬೇಕಿತ್ತು. ಒರತೆಗಳು ಇದ್ದ ಜಾಗ ಇದೇ. 1931ರಲ್ಲಿ ಆರ್ಥಿಕ ಮುಗ್ಗಟ್ಟಿನಿಂದ ಕಂಗೆಟ್ಟ ನೆವಾಡಾ ರಾಜ್ಯ ಎರಡು ಕಾನೂನುಗಳನ್ನು ಮಾಡಿತು. ಒಂದು, ಜೂಜನ್ನು ಸಕ್ರಮಗೊಳಿಸಿದ್ದು. ಇನ್ನೊಂದು, ಕೇವಲ ಆರು ವಾರ ರಾಜ್ಯದಲ್ಲಿ ವಾಸವಿದ್ದರೆ ವಿವಾಹ ವಿಚ್ಛೇದನ ಸಿಗುವಂತೆ ಮಾಡಿದ್ದು. ಬೇರೆ ರಾಜ್ಯಗಳು ಪಾಪವೆಂದು ಹೊರಗಿಟ್ಟದ್ದನ್ನು ಈ ರಾಜ್ಯ ಆದಾಯದ ಮೂಲ ಮಾಡಿಕೊಂಡಿತು. ಅದೇ ವರ್ಷ ಐವತ್ತು ಕಿಲೋಮೀಟರ್ ದೂರದಲ್ಲಿ ಕೊಲೊರಾಡೊ ನದಿಗೆ ಹೂವರ್ ಅಣೆಕಟ್ಟಿನ ಕೆಲಸ ಶುರುವಾಯಿತು. ಸಾವಿರಾರು ಕೂಲಿಕಾರರಿಗಾಗಿ ಸರ್ಕಾರ ಕಟ್ಟಿಸಿದ ಬೌಲ್ಡರ್ ಸಿಟಿಯಲ್ಲಿ ಜೂಜಿಗೆ ನಿಷೇಧ ಇತ್ತು (ಇಂದಿಗೂ ಇದೆ). ಸಂಬಳದ ದಿನ ಅವರೆಲ್ಲ ಬರುತ್ತಿದ್ದದ್ದು ವೇಗಸ್‌ಗೆ.

ಮುಂದೆ 1941ರಲ್ಲಿ ಲಾಸ್ ಏಂಜಲಿಸ್ ಹೆದ್ದಾರಿಯ ಪಕ್ಕದಲ್ಲಿ ಎಲ್ ರಾಂಚೊ ಎಂಬ ಹೋಟೆಲು ಬಂತು. ಸ್ಟ್ರಿಪ್‌ನ ಮೊದಲ ಕ್ಯಾಸಿನೊ ಅದು. 1946ರ ಡಿಸೆಂಬರಿನಲ್ಲಿ ಬಗ್ಸಿ ಸೀಗಲ್ ಎಂಬ ಕುಖ್ಯಾತ ಪಾತಕಿಯ ಉಸ್ತುವಾರಿಯಲ್ಲಿ ಫ್ಲಮಿಂಗೊ ತೆರೆಯಿತು. ಆರು ತಿಂಗಳಲ್ಲಿ ಆತ ಗುಂಡಿಗೆ ಬಲಿಯಾದ, ಹೋಟೆಲು ಉಳಿಯಿತು. ಅಲ್ಲಿಂದ ಮುಂದೆ ಸುಮಾರು ಎರಡು ದಶಕ ಭೂಗತ ತಂಡಗಳ ಹಣ ಈ ಬೀದಿಯನ್ನು ಕಟ್ಟಿತು. ಆ ಕಾಲದ ಥಳುಕಿನ ನೆನಪಿನಲ್ಲಿ ಒಂದು ಸಂಗತಿಯನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ವೇದಿಕೆಯ ಮೇಲೆ ಹಾಡಿ ಸಾವಿರಾರು ಜನರನ್ನು ರಂಜಿಸಿದ ಕಪ್ಪು ಕಲಾವಿದರಿಗೆ ಅದೇ ಹೋಟೆಲಿನಲ್ಲಿ ಕೋಣೆ ಸಿಗುತ್ತಿರಲಿಲ್ಲ. ಅವರು ರಾತ್ರಿ ರೈಲು ಹಳಿಯ ಆಚೆಯ ಬಡಾವಣೆಗೆ ಹೋಗಿ ಮಲಗಬೇಕಿತ್ತು. 1960ರಲ್ಲಿ ಪ್ರತಿಭಟನೆಯ ಬೆದರಿಕೆ ಬಂದ ಮೇಲಷ್ಟೇ ಮಾಲೀಕರು ಬಾಗಿಲು ತೆರೆದರು.

ಅಗ್ಗದ ಊಟದ ಕಾಲ ಮುಗಿಯಿತು

ಭೂಗತ ದೊರೆಗಳ ಲೆಕ್ಕ ಸರಳವಾಗಿತ್ತು. ಕೋಣೆ, ಊಟ, ಸಂಗೀತ ಎಲ್ಲವನ್ನೂ ನಷ್ಟಕ್ಕೇ ಕೊಟ್ಟರೂ ಚಿಂತೆಯಿಲ್ಲ, ಗಿರಾಕಿ ಜೂಜಿನ ಮೇಜಿಗೆ ಬಂದರೆ ಸಾಕು. ಕೆಲವೇ ಡಾಲರಿಗೆ ಹೊಟ್ಟೆ ತುಂಬ ತಿನ್ನಬಹುದಾದ ಬಫೆ ಊಟ ಹುಟ್ಟಿದ್ದು ಹೀಗೆ. ಹಿಂದೆ ಹೋಗಿಬಂದವರು ‘ಅಲ್ಲಿ ಊಟ ಬಹಳ ಅಗ್ಗ’ ಎಂದು ಹೇಳುವುದುಂಟು. ಅವರ ಮಾತು ಸುಳ್ಳಲ್ಲ, ಹಳೆಯದು, ಅಷ್ಟೆ.

1966ರಲ್ಲಿ ಹೊವರ್ಡ್ ಹ್ಯೂಸ್ ಎಂಬ ಕೋಟ್ಯಧಿಪತಿ ಡೆಸರ್ಟ್ ಇನ್ ಹೋಟೆಲಿನ ಮೇಲಿನ ಮಹಡಿಯಲ್ಲಿ ಬೀಡುಬಿಟ್ಟು, ಮರುವರ್ಷ ಅದನ್ನೇ ಕೊಂಡುಕೊಂಡ. 1969ರಲ್ಲಿ ಷೇರುದಾರರ ಕಂಪನಿಗಳು ಕ್ಯಾಸಿನೊ ನಡೆಸಲು ಕಾನೂನು ಅವಕಾಶ ಕೊಟ್ಟಿತು. ಷೇರುದಾರರಿಗೆ ಪ್ರತಿಯೊಂದು ವಿಭಾಗವೂ ಲಾಭ ತೋರಿಸಬೇಕು: ಅಡುಗೆಮನೆಯೂ, ಕೋಣೆಯೂ, ನಾಟಕಶಾಲೆಯೂ. 1989ರಲ್ಲಿ ಮಿರಾಜ್, 1998ರಲ್ಲಿ ಬೆಲ್ಲಾಜಿಯೊ ಎಂಬ ಭಾರೀ ಹೋಟೆಲುಗಳು ಬಂದಮೇಲೆ ಈ ಲೆಕ್ಕ ಪೂರ್ತಿ ಬದಲಾಯಿತು. ಇಂದು ಸ್ಟ್ರಿಪ್‌ನ ದೊಡ್ಡ ಹೋಟೆಲುಗಳ ಆದಾಯದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕಡಿಮೆ. ಆದ್ದರಿಂದ ‘ನಾವು ಜೂಜಾಡುವುದಿಲ್ಲ, ನಮಗೇನು ಭಯ’ ಎಂದು ನಿಶ್ಚಿಂತೆಯಿಂದ ಹೋಗುವವರೇ ಹೆಚ್ಚು ಎಚ್ಚರವಾಗಿರಬೇಕಾಗುತ್ತದೆ.

ಕೋಣೆಯ ಬಾಡಿಗೆಯನ್ನೇ ನೋಡಬಹುದು. ಜಾಹೀರಾತಿನಲ್ಲಿ ಕಾಣುವ ದರದ ಮೇಲೆ ‘ರೆಸಾರ್ಟ್ ಫೀ’ ಎಂಬ ಕಡ್ಡಾಯ ಶುಲ್ಕ ಇರುತ್ತದೆ. ದೊಡ್ಡ ಹೋಟೆಲುಗಳಲ್ಲಿ ಅದು ರಾತ್ರಿಗೆ 40-50 ಡಾಲರ್. ಈಜುಕೊಳಕ್ಕೆ ಇಳಿಯದಿದ್ದರೂ, ಇಂಟರ್‌ನೆಟ್ ಮುಟ್ಟದಿದ್ದರೂ ಕೊಡಲೇಬೇಕು. ಇದರ ಮೇಲೆ ತೆರಿಗೆ ಬೇರೆ. ಮೊದಲೆಲ್ಲ ಈ ಶುಲ್ಕವನ್ನು ಕೊನೆಯ ಗಳಿಗೆಯಲ್ಲಿ ತೋರಿಸುತ್ತಿದ್ದರು. 2025ರ ಮೇ ತಿಂಗಳಿನಿಂದ ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ದರ ಪ್ರಕಟಿಸಬೇಕೆಂಬ ನಿಯಮ ದೇಶದಾದ್ಯಂತ ಬಂದಿದೆ, ಶುಲ್ಕ ರದ್ದಾಗಿಲ್ಲ. ಶುಕ್ರವಾರ, ಶನಿವಾರದ ರಾತ್ರಿಗಳ ದರ ವಾರದ ನಡುವಿನ ದರಕ್ಕಿಂತ ಎರಡು ಮೂರು ಪಟ್ಟು ಏರುವುದು ಸಾಮಾನ್ಯ. ಜನವರಿಯಲ್ಲಿ ಎಲೆಕ್ಟ್ರಾನಿಕ್ಸ್ ಮೇಳದಂಥ ದೊಡ್ಡ ಸಮಾವೇಶ ನಡೆಯುವಾಗ ವಾರದ ನಡುವೆಯೂ ಕೋಣೆ ಸಿಗುವುದು ಕಷ್ಟ. ರಜೆಯನ್ನು ಹೊಂದಿಸಿಕೊಳ್ಳಬಲ್ಲವರು ಭಾನುವಾರ ಸಂಜೆ ತಲುಪಿ ಬುಧವಾರವೋ ಗುರುವಾರವೋ ಹೊರಡುವುದು ಲೇಸು.

ಒಂದು ಕಾಲದಲ್ಲಿ ಪೂರ್ತಿ ಪುಕ್ಕಟೆಯಾಗಿದ್ದ ಕಾರು ನಿಲುಗಡೆಗೆ ಸ್ಟ್ರಿಪ್‌ನ ದೊಡ್ಡ ಕಂಪನಿಗಳು 2016ರಿಂದ ಹಣ ಕೇಳತೊಡಗಿದವು. ಕೋಣೆಯಲ್ಲಿರುವ ಪುಟ್ಟ ಫ್ರಿಜ್ ತಿನಿಸು ಇಡಲಿಕ್ಕೆ ಎಂದು ತಿಳಿದು ಅದರೊಳಗಿನ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ಮೊಸರನ್ನದ ಡಬ್ಬಿ ಇಟ್ಟರೆ ಅಪಾಯ. ಬಾಟಲಿ ಜಾಗ ಬಿಟ್ಟ ಕೂಡಲೇ ಬಿಲ್ಲಿಗೆ ಸೇರಿಸುವ ಸಂವೇದಕಗಳು ಹಲವು ಹೋಟೆಲುಗಳಲ್ಲಿವೆ. ನೀರಿನ ಬಾಟಲಿಯನ್ನು ಹೋಟೆಲಿನ ಅಂಗಡಿಯಲ್ಲಿ ಕೊಳ್ಳುವ ಬದಲು ಬೀದಿಯ ಔಷಧ ಅಂಗಡಿಯಲ್ಲಿ ಕೊಂಡರೆ ಬೆಲೆ ಎಷ್ಟೋ ಇಳಿಯುತ್ತದೆ. ಅಲ್ಲಿ ಔಷಧ ಅಂಗಡಿಯೆಂದರೆ ಹಾಲು, ಹಣ್ಣು, ಬ್ರೆಡ್ಡು ಎಲ್ಲವೂ ಸಿಗುವ ಜಾಗ. ಊಟಕ್ಕೆ ಬಂದರೆ, ಅಗ್ಗದ ಬಫೆಗಳು 2020ರ ಕೊರೊನಾ ಮುಚ್ಚುಗಡೆಯ ನಂತರ ಬಹುತೇಕ ಮತ್ತೆ ತೆರೆಯಲಿಲ್ಲ, ಉಳಿದವು ದುಬಾರಿಯವು. ಭಾರತೀಯ ಹೋಟೆಲುಗಳು ಇವೆ. ಶುದ್ಧ ಸಸ್ಯಾಹಾರಿಗಳು ಬೇರೆ ಕಡೆ ತಿನ್ನುವಾಗ ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿದ್ದಾರೆಯೇ, ಹುರುಳಿಕಾಯಿ ಪಲ್ಯಕ್ಕೆ, ಕಾಳಿನ ಪದಾರ್ಥಕ್ಕೆ ಹಂದಿಕೊಬ್ಬು ಹಾಕಿದ್ದಾರೆಯೇ ಎಂದು ಬಿಡಿಸಿ ಕೇಳಬೇಕು. ‘ವೆಜಿಟೇರಿಯನ್’ ಎಂಬ ಒಂದು ಮಾತನ್ನು ನಂಬಿ ಕೂರುವಂತಿಲ್ಲ.

ಇನ್ನು ‘ಪುಕ್ಕಟೆ’ ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ ನಿಂತು ಯೋಚಿಸುವುದು ಒಳ್ಳೆಯದು. ಪ್ರದರ್ಶನದ ಟಿಕೆಟ್ ಪುಕ್ಕಟೆ ಕೊಡುತ್ತೇವೆ ಎಂದು ನಗುಮುಖದಿಂದ ಮಾತಾಡಿಸುವವರು ‘ಟೈಂಷೇರ್’ ಎಂಬ ಪಾಲುಮನೆ ಮಾರುವವರು. ಟಿಕೆಟ್ಟಿಗೆ ಬೆಲೆಯಾಗಿ ಎರಡು ಗಂಟೆ ಅವರ ಒತ್ತಾಯದ ಭಾಷಣ ಕೇಳಬೇಕು. ವೇಷ ಹಾಕಿ ನಿಂತವರ ಜೊತೆ ಫೋಟೊ ತೆಗೆಸಿಕೊಂಡರೆ ದುಡ್ಡು ಕೊಡಬೇಕು. ಕಾವಿ ತೊಟ್ಟು ಮಣಿಸರ ಕೈಗೆ ತೊಡಿಸುವ ‘ಭಿಕ್ಷು’ವೂ ಸಾಮಾನ್ಯವಾಗಿ ಭಿಕ್ಷು ಆಗಿರುವುದಿಲ್ಲ. ನಮಸ್ಕಾರ ಹೇಳಿ ಮುಂದೆ ನಡೆದರೆ ಸಾಕು.

ಮೂವತ್ತೆಂಟು ಮನೆಗಳ ಚಕ್ರ

ಜೂಜಿನ ಮೇಜಿಗೆ ಬರೋಣ. ಕುತೂಹಲಕ್ಕಾದರೂ ಹತ್ತಿಪ್ಪತ್ತು ಡಾಲರ್ ಆಡಿ ನೋಡುವವರು ಇದ್ದೇ ಇರುತ್ತಾರೆ. ವಯಸ್ಸು 21 ತುಂಬಿರಬೇಕು. ಮಕ್ಕಳು ಹಿರಿಯರ ಜೊತೆ ಜೂಜುಶಾಲೆಯನ್ನು ದಾಟಿ ಹೋಗಬಹುದು, ಅಲ್ಲಿ ನಿಲ್ಲುವಂತಿಲ್ಲ. ಇಪ್ಪತ್ತು ವರ್ಷದ ಹುಡುಗ ಯಂತ್ರದಲ್ಲಿ ದೊಡ್ಡ ಮೊತ್ತ ಗೆದ್ದರೂ ಅದನ್ನು ಕೊಡುವುದಿಲ್ಲ. ನೋಡಲು ಕಿರಿಯರಂತೆ ಕಾಣುವವರು ಪಾಸ್‌ಪೋರ್ಟ್ ಇಟ್ಟುಕೊಂಡಿರಬೇಕು.

ಕ್ಯಾಸಿನೊಗಳು ಮೋಸ ಮಾಡುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಳ್ಳಿಯ ಜಾತ್ರೆಯ ಅಂದರ್-ಬಾಹರ್ ಆಟ ನೋಡಿದವರಿಗೆ ಅದು ಸಹಜವೂ ಹೌದು. ಆದರೆ ನೆವಾಡಾದಲ್ಲಿ ಸರ್ಕಾರಿ ನಿಯಂತ್ರಣ ಮಂಡಳಿಯ ಕಣ್ಣು ಬಿಗಿಯಾಗಿರುತ್ತದೆ. ಪರವಾನಗಿ ಕಳೆದುಕೊಳ್ಳುವ ಕೆಲಸಕ್ಕೆ ಕೋಟ್ಯಂತರ ಡಾಲರ್ ಹೂಡಿದ ಕಂಪನಿ ಕೈಹಾಕುವುದಿಲ್ಲ. ಹಾಕುವ ಅಗತ್ಯವೂ ಇಲ್ಲ. ಗಣಿತವೇ ಅದರ ಪರವಾಗಿ ಕೆಲಸ ಮಾಡುತ್ತದೆ.

ರೂಲೆಟ್ ಚಕ್ರ ಇದಕ್ಕೆ ಸರಳ ಉದಾಹರಣೆ. ಅಮೆರಿಕದ ಚಕ್ರದಲ್ಲಿ 1ರಿಂದ 36ರವರೆಗಿನ ಅಂಕಿಗಳ ಜೊತೆ ಒಂದು ಸೊನ್ನೆ, ಒಂದು ಜೋಡಿ ಸೊನ್ನೆ, ಒಟ್ಟು 38 ಮನೆಗಳಿವೆ. ಒಬ್ಬ ಹಟಮಾರಿ ಮನುಷ್ಯ 38 ಮನೆಗಳ ಮೇಲೂ ತಲಾ ಒಂದು ಡಾಲರ್ ಇಟ್ಟ ಎನ್ನೋಣ. ಗುಂಡು ಎಲ್ಲಿ ಬಿದ್ದರೂ ಅವನು ಗೆದ್ದಂತೆಯೇ. ಗೆದ್ದ ಮನೆಗೆ ಕೊಡುವುದು ಒಂದಕ್ಕೆ 35; ಅವನ ಆ ಒಂದು ಡಾಲರೂ ಸೇರಿ 36 ಮರಳಿ ಬರುತ್ತದೆ. ಇಟ್ಟದ್ದು 38. ಪ್ರತಿ ಸುತ್ತಿಗೂ ಎರಡು ಡಾಲರ್ ಮನೆಯವರ ಪಾಲು, ಎಂದರೆ ಶೇ 5.26. ಒಂದೇ ಮನೆಯ ಮೇಲೆ ಇಡಲಿ, ಕೆಂಪಿನ ಮೇಲೆ ಇಡಲಿ, ದೀರ್ಘಕಾಲದ ಸರಾಸರಿ ಇದೇ. ಇತ್ತೀಚೆಗೆ ಮೂರು ಸೊನ್ನೆಗಳ ಚಕ್ರಗಳೂ ಬಂದಿವೆ. ಅಲ್ಲಿ ಮನೆಯವರ ಪಾಲು ಶೇ 7.69. ಒಂದೇ ಸೊನ್ನೆಯ ಐರೋಪ್ಯ ಚಕ್ರದಲ್ಲಿ ಶೇ 2.70. ಮೂರೂ ನೋಡಲು ಒಂದೇ ತೆರ. ಕೂರುವ ಮೊದಲು ಸೊನ್ನೆಗಳನ್ನು ಎಣಿಸಬೇಕು.

ಇಸ್ಪೀಟೆಲೆಯ ಬ್ಲ್ಯಾಕ್‌ಜಾಕ್ ಆಟದಲ್ಲಿ ನಿಯಮ ತಿಳಿದು ಆಡಿದರೆ ಮನೆಯವರ ಪಾಲು ಶೇ 0.5ರಷ್ಟು ಕಡಿಮೆಗೆ ಇಳಿಯುತ್ತದೆ. ಯಾವ ಎಲೆಗೆ ಏನು ಮಾಡಬೇಕೆಂದು ಮುದ್ರಿಸಿದ ಚೀಟಿ ಹೋಟೆಲಿನ ಅಂಗಡಿಯಲ್ಲೇ ಸಿಗುತ್ತದೆ, ಮೇಜಿನಲ್ಲಿ ಅದನ್ನು ನೋಡಿಕೊಂಡು ಆಡಲು ಅಡ್ಡಿಯಿಲ್ಲ. 1962ರಲ್ಲಿ ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ, ಬಿದ್ದುಹೋದ ಎಲೆಗಳ ಲೆಕ್ಕ ನೆನಪಿಟ್ಟರೆ ಮನೆಯವರನ್ನೇ ಸೋಲಿಸಬಹುದೆಂದು ಪುಸ್ತಕ ಬರೆದು ತೋರಿಸಿದ. ಹಾಗೆ ತಲೆಯಲ್ಲೇ ಲೆಕ್ಕ ಇಡುವುದು ಅಪರಾಧವಲ್ಲ. ಆದರೆ ಗೊತ್ತಾದರೆ ಎಬ್ಬಿಸಿ ಕಳುಹಿಸುತ್ತಾರೆ. ಸಾಮಾನ್ಯ ಪ್ರವಾಸಿ ನೋಡಬೇಕಾದದ್ದು ಮೇಜಿನ ಬಟ್ಟೆಯ ಮೇಲೆ ಅಚ್ಚಾಗಿರುವ ಒಂದು ಸಾಲು. ‘3ಕ್ಕೆ 2’ ಎಂದಿದ್ದರೆ ಮೊದಲೆರಡೇ ಎಲೆಗಳಲ್ಲಿ 21 ಬಂದಾಗ 10 ಡಾಲರ್ ಪಣಕ್ಕೆ 15 ಸಿಗುತ್ತದೆ. ‘6ಕ್ಕೆ 5’ ಎಂದಿದ್ದರೆ 12 ಮಾತ್ರ. ಅಂಥ ಎಲೆ ಸುಮಾರು 21 ಆಟಕ್ಕೊಮ್ಮೆ ಬರುತ್ತದೆ. 210 ಡಾಲರ್ ಪಣಕ್ಕೆ ಮೂರು ಡಾಲರ್ ಸದ್ದಿಲ್ಲದೆ ಕೈತಪ್ಪಿದಂತಾಯಿತು. ಆರು ಎಂಬ ಅಂಕಿ ಮೂರಕ್ಕಿಂತ ದೊಡ್ಡದಾಗಿ ಕಾಣುವುದರಿಂದ ಹೊಸಬರು ಇದೇ ಒಳ್ಳೆಯ ಮೇಜೆಂದು ಬಂದು ಕೂರುವುದೂ ಉಂಟು.

ಹೆಚ್ಚು ಹಣ ಹೋಗುವುದು ಮೇಜಿನಲ್ಲಲ್ಲ, ಮಿಣುಗುವ ಸ್ಲಾಟ್ ಯಂತ್ರಗಳಲ್ಲಿ. ವಿಮಾನ ಇಳಿದು ಲಗೇಜು ತೆಗೆದುಕೊಳ್ಳುವ ಮೊದಲೇ ಅವು ಎದುರಾಗುತ್ತವೆ. ಸರ್ಕಾರಿ ನಿಯಮದಂತೆ ಯಂತ್ರವು ಹಾಕಿದ ಹಣದಲ್ಲಿ ನೂರಕ್ಕೆ 75ರಷ್ಟನ್ನಾದರೂ ಮರಳಿಸುವಂತೆ ರಚನೆಯಾಗಿರಬೇಕು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಮರಳಿಸುತ್ತವೆ. ‘ಒಂದು ಸೆಂಟ್’ ಎಂದು ಬರೆದುಕೊಂಡ ಯಂತ್ರಗಳು ನೂರಕ್ಕೆ ಹತ್ತು ಡಾಲರಿಗಿಂತ ಹೆಚ್ಚು ಉಳಿಸಿಕೊಳ್ಳುತ್ತವೆಂದು ನಿಯಂತ್ರಣ ಮಂಡಳಿಯ ವರದಿಗಳೇ ಹೇಳುತ್ತವೆ. ಸೆಂಟ್ ಎಂಬುದು ಹೆಸರಿಗೆ ಮಾತ್ರ. ಹತ್ತಾರು ಸಾಲುಗಳ ಮೇಲೆ ಪಣ ಕಟ್ಟಿಸಿಕೊಂಡು ಗುಂಡಿ ಒತ್ತಿದಾಗಲೆಲ್ಲ ಅರ್ಧ ಡಾಲರೋ ಒಂದು ಡಾಲರೋ ಹೋಗುತ್ತದೆ. ಮುಖ್ಯವಾದದ್ದು ವೇಗ. ರೂಲೆಟ್ ಚಕ್ರ ಗಂಟೆಗೆ ನಲವತ್ತು ಸಲ ತಿರುಗಿದರೆ ಹೆಚ್ಚು. ಸುತ್ತಿಗೆ ಹತ್ತು ಡಾಲರಿನಂತೆ ಆಡಿದವನ ಸರಾಸರಿ ನಷ್ಟ ಗಂಟೆಗೆ 21 ಡಾಲರ್. ಯಂತ್ರದ ಗುಂಡಿಯನ್ನು ಗಂಟೆಗೆ 600 ಸಲ ಒತ್ತಬಹುದು. ಸಲಕ್ಕೆ ಒಂದೇ ಡಾಲರಾದರೂ ನಷ್ಟ 60 ಡಾಲರ್. ‘ಚಿಲ್ಲರೆ ಆಟ’ ಆಡಿದ ಅತ್ತೆಯವರು ಮೇಜಿನಲ್ಲಿ ಕೂತ ಅಳಿಯನಿಗಿಂತ ಹೆಚ್ಚು ಕಳೆದುಕೊಂಡು ಬರುವುದು ಹೀಗೆ.

ಬಹಳ ಹೊತ್ತು ಸೋತ ಯಂತ್ರ ಇನ್ನೇನು ಕೊಟ್ಟೇ ಕೊಡುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಒಳಗಿನ ಕಂಪ್ಯೂಟರ್ ಪ್ರತಿ ಸಲವೂ ಹೊಸದಾಗಿ ಅಂಕಿ ಎತ್ತುತ್ತದೆ. ಹಿಂದಿನದರ ನೆನಪು ಅದಕ್ಕಿಲ್ಲ. ನೆನಪಿರುವುದು ಆಡುವವನಿಗೆ, ಅದೇ ತೊಡಕು. ಧರ್ಮರಾಯನೂ ಒಂದೊಂದು ಸೋಲಿನ ನಂತರ ಮುಂದಿನದರಲ್ಲಿ ಎಲ್ಲವನ್ನೂ ಗೆದ್ದುಕೊಳ್ಳುತ್ತೇನೆಂದೇ ಪಣ ಏರಿಸುತ್ತ ಹೋದ. ಎದುರು ಕೂತವನು ಶಕುನಿ, ದಾಳ ಅವನದು ಎಂಬುದು ಸಭೆಗೆಲ್ಲ ತಿಳಿದಿತ್ತು.

ಕಳೆದುಕೊಂಡರೆ ನಿದ್ದೆ ಕೆಡದಷ್ಟು ಹಣವನ್ನು ನಗದಾಗಿ ಬೇರೆಯೇ ತೆಗೆದಿಟ್ಟು, ಬ್ಯಾಂಕ್ ಕಾರ್ಡುಗಳನ್ನು ಕೋಣೆಯ ತಿಜೋರಿಯಲ್ಲಿ ಬಿಟ್ಟು ಕೆಳಗಿಳಿಯುವುದು ಹಳಬರ ಪದ್ಧತಿ. ಜೂಜುಶಾಲೆಯೊಳಗಿನ ಎ.ಟಿ.ಎಂ. ಶುಲ್ಕ ದುಬಾರಿ, ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ. ಆಡುವವರಿಗೆ ಮದ್ಯ ಪುಕ್ಕಟೆ ತಂದುಕೊಡುತ್ತಾರೆ; ಅದು ಆತಿಥ್ಯವೂ ಹೌದು, ಲೆಕ್ಕ ಮಸಕಾಗಿಸುವ ಉಪಾಯವೂ ಹೌದು. ಗೆದ್ದವರಿಗೂ ಒಂದು ವಿಷಯ ತಿಳಿದಿರಬೇಕು. ಸ್ಲಾಟ್ ಯಂತ್ರದಲ್ಲಿ ಕಾನೂನು ನಿಗದಿ ಮಾಡಿದ್ದಕ್ಕಿಂತ ದೊಡ್ಡ ಬಹುಮಾನ ಬಿದ್ದರೆ ಯಂತ್ರ ನಿಲ್ಲುತ್ತದೆ, ಸಿಬ್ಬಂದಿ ಗುರುತಿನ ಪತ್ರ ಕೇಳುತ್ತಾರೆ, ಭಾರತದ ಪ್ರವಾಸಿಯಾದರೆ ಶೇ 30ರಷ್ಟು ತೆರಿಗೆ ಹಿಡಿದು ಉಳಿದದ್ದನ್ನು ಕೊಡುತ್ತಾರೆ. ಬ್ಲ್ಯಾಕ್‌ಜಾಕ್, ರೂಲೆಟ್ ಗೆಲುವಿಗೆ ಈ ಕಡಿತವಿಲ್ಲ. ಆಟ ಬಿಡಲಾಗದ ಸ್ಥಿತಿಗೆ ತಲುಪಿದವರಿಗೆ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿ ಜೂಜುಶಾಲೆಯೂ ಕಾಣುವಂತೆ ಹಾಕಿರಬೇಕೆಂಬ ನಿಯಮವೂ ಇದೆ. ಅಂಥ ಫಲಕ ಬೇಕಾಗಿ ಬಂದಿದೆ ಎಂಬುದೇ ಈ ದಂಧೆಯ ಇನ್ನೊಂದು ಮುಖವನ್ನು ಹೇಳುತ್ತದೆ.

ದೂರ ಮತ್ತು ಬಿಸಿಲು

ಜೂಜುಶಾಲೆಯಲ್ಲಿ ಗಡಿಯಾರ ಇರುವುದಿಲ್ಲ, ಕಿಟಕಿ ಇರುವುದಿಲ್ಲ. ಕೋಣೆಗೆ ಹೋಗುವ ಲಿಫ್ಟಿಗೂ ಊಟದ ಸಾಲೆಗೂ ನಾಟಕಶಾಲೆಗೂ ಜೂಜಿನ ಯಂತ್ರಗಳ ನಡುವೆಯೇ ಹಾಯ್ದು ಹೋಗಬೇಕು. ದಾರಿ ತಪ್ಪುವುದು ಪ್ರವಾಸಿಯ ದಡ್ಡತನವಲ್ಲ; ಕಟ್ಟಡದ ನಕ್ಷೆಯೇ ಹಾಗಿದೆ. ಬಹುತೇಕ ಕ್ಯಾಸಿನೊಗಳಲ್ಲಿ ಧೂಮಪಾನಕ್ಕೆ ಅವಕಾಶ ಇರುವುದರಿಂದ ಉಬ್ಬಸದವರು, ಮಕ್ಕಳಿರುವವರು ವಿಚಾರಿಸಿ ಹೋಟೆಲು ಗೊತ್ತುಮಾಡಬೇಕು. 2020ರಿಂದ ಪಾರ್ಕ್ ಎಂ.ಜಿ.ಎಂ. ಹೋಟೆಲು ಪೂರ್ತಿ ಧೂಮಪಾನ ಮುಕ್ತವಾಗಿದೆ.

ಬೀದಿಗೆ ಬಂದರೆ ದೂರದ ಅಂದಾಜು ತಪ್ಪುತ್ತದೆ. ಪಕ್ಕದ ಕಟ್ಟಡವೆಂದು ಕಾಣುವುದು ಅಷ್ಟು ದೊಡ್ಡದಾಗಿರುವುದರಿಂದಲೇ ಹತ್ತಿರ ಕಾಣುತ್ತದೆ. ನಡೆದರೆ ಇಪ್ಪತ್ತು ನಿಮಿಷ. ರಸ್ತೆ ದಾಟಲು ಹಲವು ಕಡೆ ಮೇಲುಸೇತುವೆ ಹತ್ತಿ ಇಳಿಯಬೇಕು. 2024ರಿಂದ ಈ ಸೇತುವೆಗಳ ಮೇಲೆ ಫೋಟೊಗೆಂದು ನಿಂತುಕೊಳ್ಳುವುದಕ್ಕೂ ನಿಷೇಧ ಬಂದಿದೆ. ಮೊಣಕಾಲು ನೋವಿನ ಹಿರಿಯರಿದ್ದರೆ ಸ್ಟ್ರಿಪ್ ಉದ್ದಕ್ಕೂ ಹಗಲಿರುಳು ಓಡುವ ‘ಡ್ಯೂಸ್’ ಎಂಬ ಎರಡಂತಸ್ತಿನ ಬಸ್ಸೇ ಅನುಕೂಲ. ಹೋಟೆಲುಗಳ ಹಿಂಬದಿಯಲ್ಲಿ ಓಡುವ ಮಾನೊರೈಲು ವಿಮಾನ ನಿಲ್ದಾಣಕ್ಕೆ ಹೋಗುವುದಿಲ್ಲ. ನಿಲ್ದಾಣ ಸ್ಟ್ರಿಪ್‌ನ ದಕ್ಷಿಣ ತುದಿಗೆ ತೀರ ಹತ್ತಿರ, ಟ್ಯಾಕ್ಸಿ ಸುರಂಗ ಮಾರ್ಗವಾಗಿ ಸುತ್ತಿಕೊಂಡು ಹೋಗಬೇಕಾಗಿಲ್ಲ.

ಬಿಸಿಲನ್ನು ಮಾತ್ರ ಲಘುವಾಗಿ ಎಣಿಸಬಾರದು. 2024ರ ಜುಲೈ 7ರಂದು ಇಲ್ಲಿ 48.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಆ ಬೇಸಿಗೆಯಲ್ಲಿ ಕೌಂಟಿಯಲ್ಲಿ ನೂರಾರು ಜನ ಶಾಖಕ್ಕೆ ಬಲಿಯಾದರು. ರಾಯಚೂರು, ಕಲಬುರ್ಗಿಯ ಬಿಸಿಲು ಕಂಡವರು ಇದನ್ನೂ ತಡೆಯಬಲ್ಲೆವೆಂದು ತಿಳಿಯಬಹುದು. ಅಲ್ಲಿನ ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ. ಮೈಯ ನೀರು ಇಳಿದದ್ದು ತಲೆ ಸುತ್ತಿದಾಗಲೇ ಗೊತ್ತಾಗುವುದು. ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಬೇಕು. ಒಳಗೆ ಹವಾನಿಯಂತ್ರಣದ ಚಳಿ ಎಷ್ಟಿರುತ್ತದೆಂದರೆ ಜುಲೈನಲ್ಲೂ ಶಾಲು ಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗೂ ಮೈ ಕೊರೆಯುವ ಚಳಿ. ಮಾರ್ಚ್‌ನಿಂದ ಮೇ ಮೊದಲ ಭಾಗ, ಅಕ್ಟೋಬರ್, ನವೆಂಬರ್ ಹಿತವಾದ ಕಾಲ.

ಎರಡು ಕಾನೂನು ಸಂಗತಿಗಳು. ವೇಶ್ಯಾವೃತ್ತಿ ನೆವಾಡಾದ ಕೆಲವು ಗ್ರಾಮೀಣ ಕೌಂಟಿಗಳಲ್ಲಷ್ಟೇ ಸಕ್ರಮ. ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿಯಲ್ಲಿ ಅದು ಅಪರಾಧ, ಬೀದಿಯಲ್ಲಿ ಕೈಗೆ ತುರುಕುವ ಚೀಟಿಗಳು ಏನೇ ಹೇಳಲಿ. ಗಾಂಜಾ ಮಾರಾಟ 2017ರಿಂದ ರಾಜ್ಯದಲ್ಲಿ ಸಕ್ರಮವಾದರೂ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಇನ್ನೂ ಅಪರಾಧವೇ. ವೀಸಾ ಮೇಲೆ ಇರುವವರಿಗೆ ಅನ್ವಯಿಸುವುದು ಕೇಂದ್ರದ ಕಾನೂನು. ಮುಂದೆ ದೇಶದೊಳಗೆ ಬರುವುದಕ್ಕೇ ತೊಡಕಾಗಬಹುದು. ಅಲ್ಲಿ ಉದ್ಯೋಗದಲ್ಲಿರುವ ನಮ್ಮ ಯುವಕರು ಇದನ್ನು ಮರೆಯುವಂತಿಲ್ಲ.

ಟಿಪ್ಸ್ ಕೊಡುವ ವಿಷಯದಲ್ಲಿ ನಮ್ಮವರು ಮುಜುಗರಪಡುತ್ತಾರೆ. ಊಟದ ಬಿಲ್ಲಿಗೆ ಶೇ 18-20, ಪಾನೀಯ ತಂದವರಿಗೆ ಒಂದೆರಡು ಡಾಲರ್, ಕೋಣೆ ಶುಚಿ ಮಾಡುವವರಿಗೆ ದಿನಕ್ಕೆ ಕೆಲವು ಡಾಲರ್ ಅಲ್ಲಿನ ರೂಢಿ. ಕೊನೆಯವರನ್ನು ಎಲ್ಲರೂ ಮರೆಯುತ್ತಾರೆ. ಸಾವಿರಾರು ಕೋಣೆಗಳ ಹಾಸಿಗೆ ಬದಲಿಸುವ, ಪಾತ್ರೆ ತೊಳೆಯುವ ಈ ಕೆಲಸಗಾರರಲ್ಲಿ ವಲಸೆ ಬಂದ ಹೆಂಗಸರ ಸಂಖ್ಯೆ ದೊಡ್ಡದು. ಅವರ ಪಾಕಶಾಲಾ ಕಾರ್ಮಿಕ ಸಂಘ ಅಮೆರಿಕದ ಪ್ರಬಲ ಸಂಘಟನೆಗಳಲ್ಲೊಂದು. 1991ರಲ್ಲಿ ಫ್ರಾಂಟಿಯರ್ ಹೋಟೆಲಿನ ಮುಂದೆ ಅವರು ಹೂಡಿದ ಮುಷ್ಕರ ಆರು ವರ್ಷ ದಾಟಿ 1998ರಲ್ಲಿ ಗೆಲುವಿನಲ್ಲಿ ಮುಗಿಯಿತು. ಹೊಳೆಯುವ ದೀಪಗಳ ಕಥೆ ಹೇಳುವ ಕೈಪಿಡಿಗಳಲ್ಲಿ ಈ ಕಥೆಗೆ ಜಾಗ ಸಿಕ್ಕಿಲ್ಲ.

ಊರಾಚೆ

ಒಂದು ಹಗಲನ್ನು ಸ್ಟ್ರಿಪ್‌ನಿಂದ ಹೊರಗೆ ಕಳೆಯದವರು ಊರನ್ನು ಅರ್ಧವೇ ನೋಡಿದಂತೆ. ಹಳೆಯ ಪೇಟೆಯ ಫ್ರೀಮಾಂಟ್ ಬೀದಿಯಲ್ಲಿ 1906ರ ಹೋಟೆಲು ಇನ್ನೂ ನಡೆಯುತ್ತಿದೆ. ಅಲ್ಲೇ ಹತ್ತಿರ, 1950ರಲ್ಲಿ ಸಂಘಟಿತ ಅಪರಾಧದ ವಿಚಾರಣೆ ನಡೆದ ನ್ಯಾಯಾಲಯದ ಕಟ್ಟಡವೇ ಈಗ ಭೂಗತ ಜಗತ್ತಿನ ವಸ್ತುಸಂಗ್ರಹಾಲಯ. ಹಳೆಯ ಹೋಟೆಲುಗಳ ನಿಯಾನ್ ಫಲಕಗಳನ್ನು ಕೂಡಿಟ್ಟ ಸಂಗ್ರಹಾಲಯವೂ ಇದೆ. ಪಶ್ಚಿಮಕ್ಕೆ ಅರ್ಧ ಗಂಟೆಯ ದಾರಿಯಲ್ಲಿ ರೆಡ್ ರಾಕ್ ಕಣಿವೆಯ ಕೆಂಪು ಬಂಡೆಗಳು. ಅಕ್ಟೋಬರಿನಿಂದ ಮೇ ತನಕ ಅಲ್ಲಿಗೆ ಸಮಯ ಮೊದಲೇ ಕಾದಿರಿಸಬೇಕು.

ಹೂವರ್ ಅಣೆಕಟ್ಟು ಕನ್ನಡಿಗರಿಗೆ ವಿಶೇಷ ಆಸಕ್ತಿಯದು. ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಯುತ್ತಿದ್ದ ಕಾಲದಲ್ಲಿ ಶುರುವಾಗಿ 1935ರಲ್ಲಿ ಉದ್ಘಾಟನೆಯಾದ ಇದರ ಎತ್ತರ 221 ಮೀಟರ್. ಹಿಂದಿನ ಮೀಡ್ ಸರೋವರ ತುಂಬಿದರೆ ಇಪ್ಪತ್ತಕ್ಕೂ ಹೆಚ್ಚು ಕೃಷ್ಣರಾಜಸಾಗರಗಳ ನೀರು ಹಿಡಿಯುತ್ತದೆ. ಅದು ತುಂಬಿ ವರ್ಷಗಳಾಗಿವೆ. 2022ರ ಜುಲೈನಲ್ಲಿ ಕಾಲುಭಾಗದಷ್ಟಕ್ಕೆ ಇಳಿದಿತ್ತು. ಬಂಡೆಗಳ ಮೇಲೆ ನೀರು ಇಳಿದ ಬಿಳಿಯ ಪಟ್ಟೆ ಸೇತುವೆಯಿಂದಲೇ ಕಾಣುತ್ತದೆ. ವೇಗಸ್ ಕುಡಿಯುವ ನೀರಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಇಲ್ಲಿಯದೇ. 1920ರ ದಶಕದ ಹಂಚಿಕೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ 44 ಲಕ್ಷ, ಅರಿಜೋನಾಕ್ಕೆ 28 ಲಕ್ಷ ಎಕರೆ ಅಡಿ ಸಿಕ್ಕರೆ ನೆವಾಡಾಕ್ಕೆ ಸಿಕ್ಕಿದ್ದು 3 ಲಕ್ಷ, ನಮ್ಮ ಲೆಕ್ಕದಲ್ಲಿ ಸುಮಾರು 13 ಟಿ.ಎಂ.ಸಿ. ಆಗ ವೇಗಸ್ ಒಂದು ಸಣ್ಣ ರೈಲು ಊರು. ಕಾವೇರಿ ವಿವಾದ ಕೇಳುತ್ತ ಬೆಳೆದವರಿಗೆ ಈ ಅಂಕಿಗಳ ಹಿಂದಿನ ಜಗಳವನ್ನು ವಿವರಿಸಬೇಕಾಗಿಲ್ಲ. ಹಾಗಿದ್ದೂ ಊರು ನಡೆಯುತ್ತಿರುವುದು, ಮನೆ ಹೋಟೆಲುಗಳ ಒಳಗೆ ಬಳಸಿದ ನೀರನ್ನೆಲ್ಲ ಶುದ್ಧಮಾಡಿ ಸರೋವರಕ್ಕೇ ಮರಳಿಸಿ ಅಷ್ಟನ್ನೇ ಮತ್ತೆ ಎತ್ತಿಕೊಳ್ಳುವುದರಿಂದ. ಮರಳಿ ಬಾರದ್ದು ಹೊರಗೆ ಹುಲ್ಲಿಗೆ ಹಾಕಿದ ನೀರು. ಅದಕ್ಕಾಗಿಯೇ ಬರೀ ಅಂದಕ್ಕೆಂದು ರಸ್ತೆ ಬದಿ, ಕಚೇರಿಗಳ ಮುಂದೆ ಬೆಳೆಸಿದ ಹುಲ್ಲನ್ನು 2026ರ ಕೊನೆಯೊಳಗೆ ಕಿತ್ತುಹಾಕಬೇಕೆಂದು 2021ರಲ್ಲಿ ಕಾನೂನಾಯಿತು. ಬೆಲ್ಲಾಜಿಯೊ ಮುಂದೆ ಕುಣಿಯುವ ಕಾರಂಜಿ ನೋಡಿ ಸಿಟ್ಟಾಗುವವರುಂಟು. ಅದರ ನೀರು ನದಿಯದಲ್ಲ, ಹಿಂದೆ ಅಲ್ಲಿದ್ದ ಗಾಲ್ಫ್ ಮೈದಾನದ ಬಾವಿಯದು.

ಗ್ರ್ಯಾಂಡ್ ಕ್ಯಾನ್ಯನ್ ವಿಷಯದಲ್ಲಿ ಒಂದು ಗೊಂದಲ ಸಾಮಾನ್ಯ. ವೇಗಸ್‌ನಿಂದ ಎರಡೂವರೆ ಗಂಟೆಯಲ್ಲಿ ತಲುಪುವುದು ‘ವೆಸ್ಟ್ ರಿಮ್’, ಹುವಾಲಪೈ ಬುಡಕಟ್ಟಿನವರ ನೆಲ. 2007ರ ಗಾಜಿನ ಸೇತುವೆ ಇರುವುದು ಅಲ್ಲಿ. ಚಿತ್ರಗಳಲ್ಲಿ ನೋಡಿದ ವಿಶಾಲ ಕಂದರ ‘ಸೌತ್ ರಿಮ್’ ಕಡೆಯದು, ರಾಷ್ಟ್ರೀಯ ಉದ್ಯಾನದ ಭಾಗ. ಅದಕ್ಕೆ ಸುಮಾರು 450 ಕಿಲೋಮೀಟರ್, ನಾಲ್ಕೂವರೆ ಗಂಟೆ. ಒಂದೇ ದಿನದಲ್ಲಿ ಹೋಗಿ ಬರಬಹುದು, ಆದರೆ ಕಂದರಕ್ಕಿಂತ ಹೆದ್ದಾರಿಯನ್ನೇ ಹೆಚ್ಚು ನೋಡಿದಂತಾಗುತ್ತದೆ. ಅಲ್ಲೇ ಒಂದು ರಾತ್ರಿ ತಂಗುವುದು ಮೇಲು. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ. ಚಳಿಗಾಲದಲ್ಲಿ ಗಡಿ ದಾಟಿದರೆ ಒಂದು ಗಂಟೆ ವ್ಯತ್ಯಾಸ ಬರುತ್ತದೆ.

ಕಾರಿನಲ್ಲಿ ಲಾಸ್ ಏಂಜಲಿಸ್ ಕಡೆಗೆ ಮರಳುವವರು ಭಾನುವಾರ ಮಧ್ಯಾಹ್ನ ಹೊರಡಬಾರದು. ನಾಲ್ಕೂವರೆ ಗಂಟೆಯ ದಾರಿ ಏಳೆಂಟು ಗಂಟೆಯಾಗುವುದುಂಟು. ವಾರಾಂತ್ಯಕ್ಕೆ ಬಂದವರೆಲ್ಲ ಒಂದೇ ಹೆದ್ದಾರಿಯಲ್ಲಿ ಹಿಂದಿರುಗುತ್ತಿರುತ್ತಾರೆ. ಬೆಳಿಗ್ಗೆ ಬೇಗ ಹೊರಟು, ಪೆಟ್ರೋಲು ತುಂಬಿಸಿಕೊಂಡು, ಕಾರಿನಲ್ಲಿ ಒಂದು ಕ್ಯಾನ್ ನೀರು ಇಟ್ಟುಕೊಂಡಿರಬೇಕು. ನಡುದಾರಿಯ ಬೇಕರ್ ಎಂಬ ಪುಟ್ಟ ಊರಿನಲ್ಲಿ 134 ಅಡಿ ಎತ್ತರದ ಉಷ್ಣಮಾಪಕ ಕಂಬವೊಂದು ನಿಂತಿದೆ. 1913ರಲ್ಲಿ ಅಲ್ಲಿಗೆ ಸಮೀಪದ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್ ನೆನಪಿಗೆ ಅಷ್ಟು ಅಡಿ. ಕಾಫಿಗೆ ನಿಲ್ಲಲು ಅದು ಅನುಕೂಲವಾದ ಜಾಗ.